ಭಾವನ ಕಾರಿನ ಶಾಫ್ಟು

ಬಟ್ಟೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಎಣ್ಣೆಡಬ್ಬಿ ಎಂದೇ ಕರೆಯುತ್ತಿದ್ದರು. ಇನ್ನೂರು ಹೊಲಿಗೆ ಯಂತ್ರಗಳ ನಡುವೆ ಎಣ್ಣೆಡಬ್ಬಿ, ಸ್ಕ್ರೂಡ್ರೈವರ್ ಹಿಡಿದು ಹದಿನೆಂಟು ವರ್ಷ ಓಡಾಡಿದವಳು. ಯಾವ ಯಂತ್ರ ಮುನಿಸಿಕೊಂಡರೂ ಅವಳ ಕೈ ತಾಗಿದರೆ ದಾರಿಗೆ ಬರುತ್ತಿತ್ತು. ಅಂಥವಳು ಆ ರಜೆಯ ದಿನ ದಿಕ್ಕು ತೋಚದೆ ಕುಳಿತಿದ್ದಳು.

ಮೇಜಿನ ಮೇಲೆ ಭಾವನ ರಿಮೋಟ್ ಕಾರು ಅಂಗಾತ ಬಿದ್ದಿತ್ತು. ಭಾವ ಬಸ್ ಡ್ರೈವರ್. ಕಣ್ಣು ಮಂಜಾಗುತ್ತಿದೆ ಎಂದು ಎರಡು ತಿಂಗಳಿಂದ ಅವರ ಕೈಗೆ ಬಸ್ಸು ಕೊಟ್ಟಿರಲಿಲ್ಲ. ಅಂಗಳದಲ್ಲಿ ಈ ಮೊಳದುದ್ದದ ಕಾರು ಓಡಿಸುವುದೊಂದೇ ಉಳಿದ ಸಮಾಧಾನ. ಅವರು ಅಕ್ಕನ ಜೊತೆ ಕಣ್ಣಿನ ಆಸ್ಪತ್ರೆಗೆ ಹೋದ ಹೊತ್ತು ನೋಡಿ, ಒಂದೇ ಸುತ್ತು ಎಂದು ಇವಳು ರಿಮೋಟ್ ಎತ್ತಿಕೊಂಡಳು. ಕಾರು ಹೋಗಿ ಮೆಟ್ಟಿಲಿಗೆ ಗುದ್ದಿತು. ಮೋಟಾರಿನ ತಿರುವನ್ನು ಹಿಂಚಕ್ರಕ್ಕೆ ಮುಟ್ಟಿಸುವ ಕಿರುಬೆರಳುದ್ದದ ಶಾಫ್ಟು ಎರಡು ತುಂಡು.

ಭಾವ ಬೈಯುವವರಾಗಿದ್ದರೆ ಇಷ್ಟು ಹೆದರಿಕೆ ಇರುತ್ತಿರಲಿಲ್ಲ. ಅಪ್ಪ ತೀರಿಕೊಂಡಾಗ ಹನ್ನೊಂದು ವರ್ಷದವಳಾಗಿದ್ದ ಇವಳನ್ನು ಮನೆಗೆ ಕರೆತಂದು ಸಾಕಿದವರು. ಇವತ್ತಿನವರೆಗೆ ಒಂದು ಗದರಿಕೆಯಿಲ್ಲ. ಅವರ ಮುಖ ಸಪ್ಪಗಾಗುವುದನ್ನು ನೋಡುವುದು ಇವಳಿಂದಾಗದು.

ಅವರ ಸಾಮಾನಿನ ಪೆಟ್ಟಿಗೆ ತಡಕಿದಾಗ ಹೊಸ ಶಾಫ್ಟೊಂದು ಸಿಕ್ಕಿತು. ಹೋದ ಜೀವ ಬಂದಂತಾಯಿತು. ನಟ್ ಬಿಚ್ಚಿ ಚಕ್ರ ತೆಗೆದು ಮುರಿದ ತುಂಡುಗಳನ್ನು ಎಳೆಯುವಷ್ಟರಲ್ಲಿ, ಚಕ್ರವನ್ನು ಹಿಡಿದಿಡುವ ಸಣ್ಣ ಪಿನ್ನು ಟಣ್ಣನೆ ಎಗರಿ ಮಾಯವಾಯಿತು. ಕಾರ್ಖಾನೆಯಲ್ಲಿ ಮುರಿದ ಸೂಜಿ ಹುಡುಕುವ ಅಯಸ್ಕಾಂತವನ್ನು ಚೀಲದಿಂದ ತೆಗೆದು, ಮಂಡಿಯೂರಿ ನೆಲವೆಲ್ಲ ಸವರಿದಳು. ಕಪಾಟಿನಡಿಯ ಕಸದಲ್ಲಿ ಪಿನ್ನು ಸಿಕ್ಕಿತು. ಹೊಸ ಶಾಫ್ಟು ಕೂರಿಸಿ ಕೊನೆಯ ನಟ್ ಬಿಗಿಯುತ್ತಿದ್ದಂತೆ ಗೇಟು ಕಿರ್ರೆಂದಿತು.

"ಡಾಕ್ಟ್ರು ಏನಂದ್ರು?" ಎಂದು ಎದ್ದು ಬಂದಳು.

"ಆಪರೇಷನ್ ಆಗ್ಬೇಕಂತೆ. ಅವಸರ ಇಲ್ಲ ಅಂದ್ರು," ಎಂದಳು ಅಕ್ಕ.

ಭಾವ ಕಾರನ್ನು ಅಂಗಳಕ್ಕಿಳಿಸಿದರು. ಇವಳು ಬಾಗಿಲಲ್ಲಿ ಮೈಯೆಲ್ಲ ಕಿವಿಯಾಗಿ ನಿಂತಳು. ಎರಡು ಸುತ್ತು ಸರಿಯಾಗಿಯೇ ಓಡಿತು. ಮೂರನೆಯದಕ್ಕೆ ಭಾವ ನಿಲ್ಲಿಸಿದರು.

"ಹಿಂದೆ ಬಲಗಡೆ ಕಟಕಟ ಅಂತಿತ್ತಲ್ಲ, ಈಗಿಲ್ಲ. ಯಾರು ಕೈ ಹಾಕಿದ್ದು?"

"ನಾನೇ ಭಾವ. ಓಡಿಸಕ್ಕೆ ಹೋಗಿ ಶಾಫ್ಟ್ ಮುರಿದೆ. ಹೇಳಕ್ಕೆ ಧೈರ್ಯ ಬರ್ಲಿಲ್ಲ, ಹೊಸದು ಹಾಕಿಬಿಟ್ಟೆ."

ಭಾವ ಮೆಟ್ಟಿಲ ಮೇಲೆ ಕುಳಿತರು. "ಅದು ಮೊದ್ಲೇ ಬಿರುಕು ಬಿಟ್ಟಿತ್ತು ಪುಟ್ಟಿ. ಹೊಸದು ತಂದು ಮೂರು ವಾರ ಆಯ್ತು. ನಾಕು ಸಲ ಹಾಕಕ್ಕೆ ಕೂತೆ. ಪಿನ್ನಿನ ತೂತೇ ಕಾಣ್ಲಿಲ್ಲ."

"ರೀ, ಡಾಕ್ಟ್ರಿಗೆ ಇದನ್ನ ಹೇಳಿದ್ರಾ?" ಅಕ್ಕನ ದನಿ ಏರಿತು.

"ಇಲ್ಲ. ಹೇಳಿದ್ರೆ ಬಸ್ಸು ಪೂರ್ತಿ ಕೈಬಿಟ್ಟು ಹೋಗುತ್ತೆ."

ಶಾಫ್ಟಿನ ಚಿಂತೆ ಕಳೆದು ಅದಕ್ಕಿಂತ ದೊಡ್ಡದೊಂದು ಇವಳನ್ನು ಹಿಡಿದುಕೊಂಡಿತು. ಮರುದಿನ ಅರ್ಧ ದಿನ ರಜೆ ಹಾಕಿ ತಾನೇ ಭಾವನನ್ನು ಆಸ್ಪತ್ರೆಗೆ ಕರೆದೊಯ್ದಳು. "ನೀವು ಹೇಳ್ತೀರಾ, ನಾನು ಹೇಳ್ಲಾ?" ಎಂದು ಡಾಕ್ಟರ ಬಾಗಿಲಲ್ಲಿ ಕೇಳಿದಳು. ಭಾವ ತಾವೇ ಹೇಳಿದರು, ತಲೆ ತಗ್ಗಿಸಿಕೊಂಡು. ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, ಆಪರೇಷನ್ನಿಗೆ ಮುಂದಿನ ವಾರವೇ ದಿನ ಕೊಟ್ಟರು.

ಈಗ ಒಂದು ಕಣ್ಣು ತಿಳಿಯಾಗಿದೆ. ಇನ್ನೊಂದರದು ಬಾಕಿಯಿದೆ. ಮನೆಯಲ್ಲಿ ಬಸ್ಸಿನ ಮಾತನ್ನು ಮಾತ್ರ ಯಾರೂ ಎತ್ತುತ್ತಿಲ್ಲ.