ಕಬ್ಬಿಣದ ಮೇಜಿಗೆ ಮೇಣ

ನಕಾಶಿ ಗರಗಸ ಕೆಟ್ಟದ್ದು ದೇವರ ಸಿಟ್ಟಿನಿಂದಲ್ಲ, ವಿಧವೆಯ ಕೈ ತಾಗಿದ್ದರಿಂದಲೂ ಅಲ್ಲ. ತೆಂಗಿನಕಾಯಿಯ ನೀರಿನಿಂದ. ನಡೆದದ್ದು ಇಷ್ಟೇ.

ಬೆಟಗೇರಿಯ ನಮ್ಮ ಪಡಸಾಲೆಯಲ್ಲಿ ಆ ಗರಗಸ ಇತ್ತು. ಹೊಲಿಗೆ ಯಂತ್ರದ ಹಾಗೆ ಕಾಲಿನಿಂದ ತುಳಿಯುವುದು. ಕಬ್ಬಿಣದ ಪುಟ್ಟ ಮೇಜು, ನಡುವೆ ತೂತು, ಅದರಲ್ಲಿ ಮೇಲೆ ಕೆಳಗೆ ಆಡುವ ದಾರದಂಥ ಅಲಗು. ಅಲಗು ತನ್ನ ಜಾಗ ಬಿಡುವುದಿಲ್ಲ, ಹಲಗೆಯನ್ನೇ ತಿರುಗಿಸಬೇಕು. ಮೇಜು ನುಣ್ಣಗಿದ್ದರೆ ಹಲಗೆ ಬೆರಳಿನ ಮಾತು ಕೇಳುತ್ತದೆ. ತಡೆದರೆ ಅಲಗು ಪಟ್ಟನೆ ಮುರಿಯುತ್ತದೆ. ನನ್ನ ಗಂಡ ಆ ಮೇಜಿನ ಮೇಲೆ ಚಹಾದ ಕಪ್ಪು ಸಹ ಇಡಗೊಡುತ್ತಿರಲಿಲ್ಲ.

ಅವರು ತುಳಿದು ಕೊಯ್ಯುತ್ತಿದ್ದರು, ನಾನು ಎದುರು ಕುಳಿತು ಗೆರೆಯ ಮೇಲಿನ ಮರದ ಪುಡಿ ಊದುತ್ತಿದ್ದೆ. ಅವರು ಸತ್ತ ಮೇಲೆ ಎರಡೂ ನನ್ನವೇ ಆದವು. ಊದಲು ಪ್ರತಿ ಸಲ ಕಾಲು ನಿಲ್ಲಿಸಬೇಕಿತ್ತು. ದಿನವಿಡೀ ಮಾತಿಲ್ಲ. ಸಂಜೆ ಅತ್ತೆ ಏನಾದರೂ ಕೇಳಿದರೆ ಕೆಮ್ಮಿಯೇ ದನಿ ತೆಗೆಯಬೇಕಾಗುತ್ತಿತ್ತು.

ಅದು ನಾಡು ಒಂದಾಗುವ ವರ್ಷ. ಶಾಲೆಯ ಮಾಸ್ತರರು ಹೊಸ ನಾಡಿನ ನಕ್ಷೆಯನ್ನು ಹಲಗೆಯಲ್ಲಿ ಕೊಯ್ದು ಕೊಡಲು ಹೇಳಿದ್ದರು. ನಾನು ಕಲಿತದ್ದು ಎರಡನೇ ಇಯತ್ತೆ. ನನಗೆ ಅದು ಬರಿಯ ಸೊಟ್ಟ ಗೆರೆ; ನಾವು ಕೊಯ್ಯುತ್ತಿದ್ದ ನವಿಲಿಗಿಂತ ತಿರುವು ಹೆಚ್ಚು.

ದಸರೆಯ ಖಂಡೇಪೂಜೆಗೆ ಮೈದುನ ಮುಂಡರಗಿಯಿಂದ ಬಂದ. ವಿಧವೆ ಮುಂದೆ ನಿಲ್ಲುವ ಹಾಗಿಲ್ಲ. ನಾನು ಒಲೆಯ ಹತ್ತಿರವೇ ಇದ್ದೆ. ಗಂಡ ಇದ್ದಾಗ ಕಾಯಿಯನ್ನು ಹೊಸ್ತಿಲಲ್ಲಿ ಒಡೆದು, ಮೇಜಿಗೆ ಒಣ ವಿಭೂತಿ ಮಾತ್ರ ಎಳೆಯುತ್ತಿದ್ದರು. ಮೈದುನನಿಗೆ ಭಕ್ತಿ ಹೆಚ್ಚು. ಮೇಜಿನ ಮೇಲೆಯೇ ಕಾಯಿ ಒಡೆದು, ನೀರು ಹೊಯ್ದು, ಕುಂಕುಮ ಹಚ್ಚಿ, ಹೂವು ಏರಿಸಿದ. ಪೂಜೆಗಿಟ್ಟ ಹತ್ಯಾರವನ್ನು ಬನ್ನಿ ಹಬ್ಬ ಮುಗಿಯುವ ತನಕ ಮುಟ್ಟುವುದಿಲ್ಲ. ಹೂವಿನ ಕೆಳಗೆ ಏನಾಗುತ್ತಿದೆ ಎಂದು ಯಾರೂ ನೋಡಲಿಲ್ಲ.

ಹಬ್ಬ ಮುಗಿದ ಮೇಲೆ ಒರೆಸಿ ಕುಳಿತೆ. ಮೊದಲ ತಿರುವಿನಲ್ಲೇ ಹಲಗೆ ಕಚ್ಚಿಕೊಂಡಿತು, ಅಲಗು ಹೋಯಿತು. ಇನ್ನೊಂದು ಹಾಕಿದೆ. ಅದೂ ಹೋಯಿತು. ಮೈದುನ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

“ಅತ್ತಿಗಿ, ಯಂತ್ರ ನಿನಗ ಒಲ್ಲೆ ಅನ್ನಾಕತ್ತೈತಿ. ಅದಕ್ಕ ಗಂಡಸರ ಕೈ ಬೇಕು. ನಾಳೆ ಗಾಡಿ ತಂದು ಮುಂಡರಗಿಗೆ ಒಯ್ತೀನಿ.”

“ನಿನಗ ತುಳಿಯಾಕ ಬರತೈತೇನು?”

“ಕಲಿತೀನಿ.”

“ಎಮ್ಮಿ ಹಿಂಡಾಕ ಕಲಿತೀನಿ ಅಂದಾವ ಒದಿಸ್ಕೊಂಡು ಬಂದಿದ್ದಿ.”

ಒಳಗಿನಿಂದ ಅತ್ತೆ, “ಒಯ್ಯಲಿ ಬಿಡವಾ. ದೇವರು ಸಿಟ್ಟಾಗ್ಯಾನ. ಅದರ ಮುಂದ ಒಬ್ಬಾಕಿನ ಕುಂತು ಕುಂತು ನೀನೂ ಮೂಕಿ ಆಗಾಕತ್ತಿ,” ಎಂದರು.

“ಅದೂ ಹೋದರ ಏನ್ ಮಾಡ್ಲಿ ಅತ್ತಿ? ಗ್ವಾಡಿ ನೋಡ್ಕೋಂತ ಕುಂಡ್ರಲೇನು?”

ಇಬ್ಬರೂ ಊಟಕ್ಕೆ ಹೋದರು.

ನಾನು ಮೇಜಿನ ಮೇಲೆ ಅಂಗೈ ಎಳೆದೆ. ಬೆಕ್ಕಿನ ನಾಲಿಗೆಯ ಹಾಗೆ ತರಿತರಿ. ಕೆಂಪು ಕಲೆಯನ್ನು ಉಗುರಿನಿಂದ ಕೆರೆದೆ. ಕುಂಕುಮವಾಗಿದ್ದರೆ ಏಳುತ್ತಿತ್ತು. ಏಳಲಿಲ್ಲ. ಕಾಯಿಯ ನೀರು ಹರಿದ ದಾರಿ ಹಿಡಿದೇ ತುಕ್ಕು ಬಂದಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಗುತ್ತಿತ್ತು, ಮೇಜು ನುಣ್ಣಗಾಗುತ್ತಿರಲಿಲ್ಲ.

ಮರುದಿನ ಮುಂಜಾನೆ ಉಸುಕಿನ ಕಾಗದಕ್ಕೆ ಒಂದಿಷ್ಟು ಎಣ್ಣೆ ಬಿಟ್ಟು ತುಕ್ಕು ತಿಕ್ಕಿ ತೆಗೆದೆ. ಎಣ್ಣೆ ಉಳಿದರೆ ಹಲಗೆಗೆ ಕಲೆ, ಅದಕ್ಕೆ ಜೋಳದ ಹಿಟ್ಟು ಉದುರಿಸಿ ಒರೆಸಿದೆ. ಗಂಡ ಇಟ್ಟಿದ್ದ ಮೇಣದಬತ್ತಿಯ ತುಂಡು ಕಿಟಕಿಯಲ್ಲಿ ಹಾಗೇ ಇತ್ತು. ಅದನ್ನು ಮೇಜಿಗೆಲ್ಲ ಉಜ್ಜಿ, ಹಳೆಯ ಸೀರೆಯ ಚೂರಿನಿಂದ ಬಿಸಿಯೇರುವ ತನಕ ತಿಕ್ಕಿದೆ. ಹಲಗೆಯನ್ನು ಒಂದು ಬೆರಳಿನಿಂದ ನೂಕಿದೆ. ಆ ತುದಿಗೆ ಹೋಗಿ ನಿಂತಿತು.

ಅಲಗು ಕಟ್ಟಿ ತುಳಿಯುತ್ತಿದ್ದಾಗ ಗಾಡಿ ಬಂತು. ಮೈದುನ ಬಾಗಿಲಿಗೆ ಬಂದು, ಹಲಗೆ ತಿರುಗುವುದನ್ನು ನೋಡುತ್ತ ನಿಂತ.

“ಎತ್ತು ಬಿಚ್ಚು. ಚಾ ಕುಡದು ಖಾಲಿ ಗಾಡಿ ಹೊಡ್ಕೊಂಡು ಹೋಗು,” ಎಂದೆ.

ತಿರುವು ದಾಟಿಸಿದೆ. ಕಾಲು ನಿಲ್ಲಿಸಿ ಗೆರೆಯ ಮೇಲಿನ ಪುಡಿ ಊದಿದೆ. ಮತ್ತೆ ತುಳಿದೆ.