ಅಕ್ಕನ ದನಿ ಇದ್ದ ಹಾರ್ಡ್ ಡಿಸ್ಕ್

ಬೀದಿಯವರಿಗೆಲ್ಲ ಅವನು ಡಿಟಿಪಿ ಸಾರ್. ಕಂಡವರ ಪುಸ್ತಕಗಳಿಗೆ ಪುಟ ಕಟ್ಟಿ ಕಟ್ಟಿ ಕುತ್ತಿಗೆ ಹಿಡಿದುಕೊಂಡಿತ್ತು. ಸುಸ್ತು ಅನ್ನುವುದು ಮನೆ ಅಳಿಯನ ಹಾಗೆ ಬಂದು ಕೂತಿತ್ತು, ಏಳುವ ಮಾತೇ ಇರಲಿಲ್ಲ.

ಆ ಮಧ್ಯಾಹ್ನ ಲ್ಯಾಪ್‌ಟಾಪ್ ಒಳಗಿನಿಂದ ಟಕ್ ಟಕ್ ಎಂದು ಬಡಿದುಕೊಂಡು ಸ್ತಬ್ಧವಾದಾಗ ಅವನು ಮೊದಲು ತನ್ನ ಹಣೆಬರಹವನ್ನು ಬೈದುಕೊಂಡ. ಆಮೇಲೆ ಅಕ್ಕನ ದನಿ ನೆನಪಾಯಿತು. ಗಂಟಲಿನ ಆಪರೇಷನ್ ಆದಮೇಲೆ ಅಕ್ಕನಿಗೆ ಮಾತು ಹೋಗಿತ್ತು. ಅದಕ್ಕೆ ಮುಂಚೆ ಅವಳನ್ನು ಎದುರು ಕೂರಿಸಿ, ಮಾತಾಡಿಸಿ, ರೆಕಾರ್ಡ್ ಮಾಡಿ ಎಲ್ಲವನ್ನೂ ಈ ಲ್ಯಾಪ್‌ಟಾಪಿನಲ್ಲೇ ತುಂಬಿಟ್ಟಿದ್ದ. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಬೈದು ಬೆಳೆಸಿದ ದನಿ ಅದು. ಬೇರೆಲ್ಲೂ ಇರಲಿಲ್ಲ.

ರಿಪೇರಿ ಅಂಗಡಿಗೆ ಅಕ್ಕನೂ ಜೊತೆಗೆ ಬಂದಳು.

"ಕಾಪಿ ಇಟ್ಟಿದ್ದೀರಾ ಸಾರ್?" ರಿಪೇರಿಯವನು ಡಿಸ್ಕನ್ನು ಬಿಚ್ಚಿ ತನ್ನ ಕಂಪ್ಯೂಟರಿಗೆ ಸಿಕ್ಕಿಸುತ್ತ ಕೇಳಿದ.

"ಇಟ್ಟಿದ್ದೀನಪ್ಪಾ, ಮೂರು."

"ಎಲ್ಲಿ?"

"ಇದರಲ್ಲೇ. ಬೇರೆ ಬೇರೆ ಫೋಲ್ಡರಲ್ಲಿ."

ಪುಟ ಕಟ್ಟುವವರ ಚಾಳಿಯೇ ಅದು: ಫೈನಲ್, ಫೈನಲ್ ಎರಡು, ನಿಜವಾದ ಫೈನಲ್ ಎಂದು ಒಂದರ ಪಕ್ಕ ಒಂದು ಪೇರಿಸುತ್ತ ಹೋಗುವುದು. ಎಂಥಾ ಜಾಣ ನೋಡಿ!

"ಡಬ್ಬಿಯೇ ತೂತಾದ್ರೆ ಮೂರು ಸಲ ತುಂಬಿ ಏನು ಬಂತು ಸಾರ್? ಇದು ಇನ್ನು ಸ್ವಲ್ಪ ಹೊತ್ತು ಓಡಿದ್ರೆ ಹೆಚ್ಚು. ಮೊದಲು ಯಾವುದು ತೆಗೀಲಿ, ಬೇಗ ಹೇಳಿ."

ಅಚ್ಚಿಗೆ ಹೋಗಬೇಕಿದ್ದ ದಪ್ಪ ಪುಸ್ತಕವೊಂದೂ ಅದರಲ್ಲಿತ್ತು, ವರ್ಷವಿಡೀ ಜೀವ ತೇದ ಕೆಲಸ. ಅಕ್ಕ ಅವನ ತೋಳು ಹಿಡಿದೆಳೆದು ಪರದೆಯ ಮೇಲೆ ಆ ಪುಸ್ತಕದ ಫೋಲ್ಡರನ್ನೇ ತೋರಿಸಿದಳು. ಹೊಟ್ಟೆಪಾಡು ಮೊದಲು ಅನ್ನುವವಳು ಅವಳು.

"ಸುಮ್ನಿರಕ್ಕಾ. ಪುಟ ಮತ್ತೆ ಕಟ್ಕೋಬಹುದು. ನೀನು ಅಕ್ಕಂದು ತೆಗಿಯಪ್ಪಾ."

ಒಂದೇ ಒಂದು ತುಣುಕು ಬಂತು, ಅಷ್ಟರಲ್ಲಿ ಡಿಸ್ಕ್ ಕೈಕೊಟ್ಟಿತು. ಉಳಿದ ರೆಕಾರ್ಡಿಂಗೂ ಹೋಯಿತು, ಪುಸ್ತಕವೂ ಹೋಯಿತು.

ಬಂದದ್ದನ್ನು ಹಾಕಿದರೆ ತುಂಬ ಅವನದೇ ಗದ್ದಲ. "ಅಕ್ಕಾ, ಜೋರಾಗಿ ಮಾತಾಡು. ಮೈಕ್ ಹತ್ರ ಬಾ. ಅಲ್ಲಲ್ಲ, ಇನ್ನೊಂದ್ಸಲ ಹೇಳು." ಅಯ್ಯೋ, ಅವಳಿಗೆ ಬಾಯಿ ಬಿಡಲೂ ಬಿಟ್ಟಿಲ್ಲವಲ್ಲ ಎಂದು ಅವನು ಹಲ್ಲು ಕಚ್ಚಿದ. ಕಟ್ಟಕಡೆಗೆ ಅಕ್ಕನ ದನಿ ಬಂತು:

"ಸಾಕು ಬಿಡೋ, ಎಷ್ಟು ಒದ್ದಾಡ್ತೀಯ? ಮುಖ ನೋಡ್ಕೋ, ಹೇಗೆ ಬಾಡಿದೆ. ಎದ್ದು ಹೋಗಿ ಸ್ವಲ್ಪ ಮಲಕ್ಕೋ."

ಅವನಿಗೆ ಅಳು ತಡೆಯಲಾಗಲಿಲ್ಲ. ಅಂಗಡಿಯ ಮೇಜಿನ ಮೇಲೇ ತಲೆಯಿಟ್ಟುಬಿಟ್ಟ. ಅಕ್ಕ ಅವನ ಬೆನ್ನ ಮೇಲೆ ಕೈಯಿಟ್ಟು, ಇನ್ನೊಮ್ಮೆ ಹಾಕು ಎಂದು ರಿಪೇರಿಯವನಿಗೆ ಸನ್ನೆ ಮಾಡಿದಳು.