ನಮೂನೆಯಲ್ಲಿಲ್ಲದ ಸೋದರಮಾವ

ಮುಕ್ತಾ ಸೊಲ್ಲಾಪುರದವಳು. ತಂದೆ ಪಂಢರಿನಾಥ ಕೋರ್ಟಿನಲ್ಲಿ ಕಾರಕೂನರಾಗಿದ್ದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಕನ್ನಡ ಅಕ್ಷರಗಳನ್ನು ಇಂದಿಗೂ ಕೂಡಿಸಿ ಕೂಡಿಸಿ ಓದುತ್ತಾಳೆ. ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಆಟಿಸಂ ಇರುವವರ ಮನೆಯವರಿಗೆ ಎಂಥ ಆಸರೆ ಬೇಕು ಎಂಬುದರ ಮೇಲೆ ನಾಲ್ಕು ವರ್ಷಗಳಿಂದ ಸಂಶೋಧನೆ ಮಾಡುತ್ತಿದ್ದಾಳೆ. ಭಾನುವಾರ ಅಕ್ಕಲಕೋಟದ ಬಸ್ಸು ಹತ್ತುತ್ತಾಳೆ. ಅಲ್ಲಿ ಶಾಲೆಯೊಂದರ ಹಿಂದಿನ ಕೋಣೆಯಲ್ಲಿ ತಾಯಂದಿರು ಮಕ್ಕಳೊಂದಿಗೆ ಬಂದು ಚಾಪೆಯ ಮೇಲೆ ಕೂರುತ್ತಾರೆ. ಮುಕ್ತಾ ಹೆಚ್ಚು ಮಾತಾಡುವುದಿಲ್ಲ. ಕೇಳುತ್ತಾಳೆ, ಬರೆದುಕೊಳ್ಳುತ್ತಾಳೆ. ಮರಳುವಾಗ ಕಿಟಕಿಯಾಚೆ ಜೋಳದ ಹೊಲಗಳ ಮೇಲೆ ಬಿಸಿಲು ಮೆಲ್ಲಗೆ ಹಿಂದೆ ಸರಿಯುತ್ತಿರುತ್ತದೆ. ಅವಳು ಕಣ್ಣು ಮುಚ್ಚಿರುತ್ತಾಳೆ.

ಅವಳ ನಮೂನೆಯಲ್ಲಿ ಐವತ್ತೆರಡು ಪ್ರಶ್ನೆಗಳು. ತಾನೇ ಸ್ನಾನ ಮಾಡುತ್ತಾನೆಯೇ, ಗುಂಡಿ ಹಾಕಿಕೊಳ್ಳುತ್ತಾನೆಯೇ, ರಸ್ತೆ ದಾಟುತ್ತಾನೆಯೇ. ಕೊನೆಯದು: ನಿಮಗೆ ಈಗ ಎಲ್ಲಕ್ಕಿಂತ ಬೇಕಾದದ್ದೇನು? ಹೆಚ್ಚಿನವರು ಔಷಧಿ ಎನ್ನುತ್ತಾರೆ. ಕುರಿ ಸಾಕುವ ಮನೆಯ ಸಕ್ಕುಬಾಯಿ ಹಾಗೆನ್ನಲಿಲ್ಲ.

"ನನ್ನ ಮಗಾ ಮಾಮಾ ಆಗಿ ಕುಂಡ್ರಬೇಕ್ರಿ, ಬಾಯಿ."

ಮಗ ಗುರುಶಾಂತನಿಗೆ ಇಪ್ಪತ್ತಾರು. ಆಡುವ ಮಾತು ಹತ್ತು ಹನ್ನೆರಡು. ಗದ್ದಲವಾದರೆ ಕಿವಿ ಮುಚ್ಚಿಕೊಂಡು ಹೊರಟುಬಿಡುತ್ತಾನೆ. ಅವನ ತಂಗಿ ಸಾರಿಕಾಳನ್ನು ಮಂದ್ರೂಪಕ್ಕೆ ಕೊಟ್ಟಿದ್ದರು. ಅವಳ ಒಂದೂವರೆ ವರ್ಷದ ಮಗನಿಗೆ ಮನೆದೇವರು ಬೀರೋಬಾನ ಗುಡಿಯಲ್ಲಿ ಜಾವಳ, ಮೊದಲ ಕೂದಲು ತೆಗೆಸುವ ಶಾಸ್ತ್ರ. ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮಾವ ಅದಕ್ಕೆ ಹೊಸ ಬಟ್ಟೆ ತರಬೇಕು. ಸಾರಿಕಾಳ ಅತ್ತೆ ಸುಗಲಾಬಾಯಿ ಅದಕ್ಕಾಗಿ ಸೊಸೆಯ ತವರಿನ ದಾಯಾದಿಗಳ ಹುಡುಗ ಕೈಲಾಸನನ್ನು ಗೊತ್ತುಮಾಡಿದ್ದಳು.

"ಕೈಲಾಸ ಕುಂತ್ರ ಏನಾಗ್ತದ್ರಿ?" ಎಂದಳು ಮುಕ್ತಾ.

"ಇವತ್ತ ಆಂವಾ ಕುಂತ್ರ ನಾಳಿ ಕೂಸಿನ ಲಗ್ನದಾಗೂ ಆಂವನ ನಿಂದರ್ತಾನ್ರಿ. ನಾ ಹ್ವಾದಮ್ಯಾಲ ಇಂವಗ ಉಳಿಯೂದು ತಂಗಿ ಮನಿ ಒಂದ. ಮಾಮಾ ಅಂತ ಕುಂತಾಂವಗ ಯಾರೂ ಬಾಗಲಾ ಹಾಕೂದಿಲ್ಲ. ಕುಂಡ್ರಲಿಲ್ಲಂದ್ರ ಬರೇ ಹುಚ್ಚ ಆಗಿ ಉಳಿತಾನ."

ನಮೂನೆಯಲ್ಲಿ ಸೋದರಮಾವ ಎಂಬ ಸಾಲು ಇರಲಿಲ್ಲ. ಮುಕ್ತಾ ಅಂಚಿನಲ್ಲಿ ಕೈಯಿಂದ ಬರೆದಳು.

ಒಂಬತ್ತು ಭಾನುವಾರ ತಾಲೀಮು ನಡೆಯಿತು. ಚಕ್ಕಳಬಕ್ಕಳ ಹಾಕಿ ಕೂರುವುದು, ಕತ್ತರಿಯ ಕಚಕಚ ಕೇಳುವುದು, ಸಾರಿಕಾ ತಂದ ಕೂಸನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು. ಮೊದಲು ಒಂದು ನಿಮಿಷ, ಆಮೇಲೆ ನಾಲ್ಕು, ಆಮೇಲೆ ಹತ್ತು. ಗುರುಶಾಂತ ಕೂಸಿನ ಮುಖ ನೋಡುತ್ತಿರಲಿಲ್ಲ. ಅದು ಅಂಗಿ ಜಗ್ಗಿದರೆ ಅಲುಗುತ್ತಲೂ ಇರಲಿಲ್ಲ. ಮುಕ್ತಾ ಡೊಳ್ಳಿನ ಸದ್ದನ್ನು ಮೊಬೈಲಿನಲ್ಲಿ ತಂದು ವಾರವಾರ ಸ್ವಲ್ಪ ಸ್ವಲ್ಪ ಏರಿಸಿದಳು. ಅವನು ಸಹಿಸಿಕೊಂಡ. 'ರೂಢಿಯಾಗಿದೆ' ಎಂದು ಅವಳು ಬರೆದಳು. ಅದೇ ಅವಳ ತಪ್ಪು. ಡೊಳ್ಳು ಎದೆಗೂ ಬಡಿಯುತ್ತದೆ, ಕಿವಿಗಷ್ಟೇ ಅಲ್ಲ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಜಾವಳದ ದಿನ ಗುರುಶಾಂತ ಕಂಬಳಿಯ ಮೇಲೆ ಕೂತ. ಕ್ಷೌರಿಕ ಮೂರು ಸಲ ಕತ್ತರಿ ಆಡಿಸಿದ. ಭಂಡಾರದ ಅರಿಶಿನ ಹಾರಿತು, ಆರು ಡೊಳ್ಳುಗಳು ಒಟ್ಟಿಗೆ ಎದ್ದವು. ಗುರುಶಾಂತ ಕೂಸನ್ನು ಜೋಪಾನವಾಗಿ ಕಂಬಳಿಗೆ ಇಳಿಸಿ, ಕಿವಿ ಮುಚ್ಚಿಕೊಂಡು ಗುಡಿಯ ಹಿಂದಕ್ಕೆ ನಡೆದುಬಿಟ್ಟ.

ಮುಕ್ತಾ ಡೊಳ್ಳಿನವರ ಬಳಿ ಓಡಿ ನಿಲ್ಲಿಸಿ ಎಂದಳು.

"ದೇವರ ಮುಂದ ನಿಂದರಸಂತೀರಿ? ಭಾಳ ಸಾಲಿ ಕಲತೀರಿ ಬಿಡ್ರಿ!" ಎಂದ ಮುದುಕನೊಬ್ಬ, ಕೈ ನಿಲ್ಲಿಸದೆ.

ಸುಗಲಾಬಾಯಿ ಸೆರಗು ಸಿಗಿಸಿ ಎದ್ದಳು. "ಕೈಲಾಸಾ, ಬಾರೋ, ಕುಂಡ್ರು. ಕೂಸಿನ ತೆಲಿ ಇಲಿ ಕಡದಂಗ ಆಗೇತಿ."

ಕೈಲಾಸ ಟೊಪ್ಪಿಗೆ ಸರಿಮಾಡಿಕೊಂಡ. ಸಕ್ಕುಬಾಯಿ ನೆಲ ನೋಡುತ್ತಿದ್ದಳು.

ಸಾರಿಕಾ ಕೂಸನ್ನು ಎತ್ತಿಕೊಂಡಳು. "ಯಾರೂ ಕುಂಡ್ರಬ್ಯಾಡ್ರಿ. ಮಾಮಾ ಎದ್ದಾನ, ಹೋಗಿಲ್ಲ." ಆಮೇಲೆ ಡೊಳ್ಳಿನವರ ಕಡೆ ತಿರುಗಿದಳು. "ಕಾಕಾ, ಮುಂಜಾನಿಂದ ಬಾರಸಾಕತ್ತೀರಿ. ನೈವೇದ್ಯ ಆಗೇತಿ. ಮೊದಲನೇ ಪಂಗತಿ ನಿಮ್ದ, ಏಳ್ರಿ."

ನಿಲ್ಲಿಸು ಎಂದವಳ ಮೇಲೆ ಸಿಟ್ಟಾಗಬಹುದಿತ್ತು, ಊಟಕ್ಕೆ ಎಬ್ಬಿಸಿದವಳ ಮೇಲೆ ಆಗುವಂತಿರಲಿಲ್ಲ. ಡೊಳ್ಳುಗಳು ಗೋಡೆಗೆ ಒರಗಿದವು. ಹುಗ್ಗಿ ಬಡಿಸಿದರು. ಕ್ಷೌರಿಕ ಬೀಡಿ ಹಚ್ಚಿದ. ಗುಡಿಯ ಹಿಂದಕ್ಕೆ ಹೋಗಹೊರಟ ಮುಕ್ತಾಳನ್ನು ಸಕ್ಕುಬಾಯಿ ತಡೆದಳು: "ಬೆನ್ನ ಹತ್ತಬ್ಯಾಡ್ರಿ." ಇಬ್ಬರೂ ನೆರಳಿನಲ್ಲಿ ಕೂತರು. ಬಯಲಿನಲ್ಲಿ ಗಾಳಿ ಇಷ್ಟಿಷ್ಟೇ ಹಳದಿ ಎಬ್ಬಿಸಿ ಮತ್ತೆ ಮಲಗಿಸುತ್ತಿತ್ತು. ನಲವತ್ತು ನಿಮಿಷವಾಯಿತು. ಉಳಿದ ಅಡಿಗೆ ಆರುತ್ತಿದೆ ಎಂದು ಸುಗಲಾಬಾಯಿ ಎರಡು ಸಲ ಎಲ್ಲರಿಗೂ ಕೇಳುವಂತೆ ಹೇಳಿದಳು.

ಗುರುಶಾಂತ ತಾನಾಗಿ ಬಂದ. ಯಾರನ್ನೂ ನೋಡದೆ ಅದೇ ಕಂಬಳಿಯ ಅದೇ ಮೂಲೆಯಲ್ಲಿ ಕಾಲು ಮಡಚಿ ಕೂತ. ಸಾರಿಕಾ ಕೂಸನ್ನು ತೊಡೆಗೆ ಇಳಿಸಿದಳು. ಅದು ಅತ್ತಿತು, ಒದೆಯಿತು. ಅವನು ದೂರದ ಜಾಲಿಮರದ ಕಡೆ ಮುಖ ಮಾಡಿ, ಎರಡೂ ಕೈಯಿಂದ ಹಿಡಿದೇ ಇದ್ದ, ಕೊನೆಯ ಎಳೆ ಬೀಳುವವರೆಗೆ.

ಸುಗಲಾಬಾಯಿ ಬಂದು ಬೋಳು ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಆಮೇಲೆ ಸೊಂಟಕ್ಕೆ ಕೈ ಕೊಟ್ಟು ಗುರುಶಾಂತನಿಗೇ ಹೇಳಿದಳು.

"ಏನೋ ಮಾಮಾ, ಬರೇ ಕುಂತ್ರ ಮುಗೀತೇನು? ಕೂಸಿಗೆ ಅಂಗಿ ಎಲ್ಲಿ, ಟೊಪಗಿ ಎಲ್ಲಿ? ಕೈ ಬೀಸ್ಕೋತ ಬಂದೀಯಾ?"

ಹೆಂಗಸರು ನಕ್ಕರು. ಸಕ್ಕುಬಾಯಿ ಆಗಲೇ ತಾನು ತಂದ ಬಟ್ಟೆಯ ಗಂಟನ್ನು ಹಲ್ಲಿನಿಂದ ಬಿಚ್ಚುತ್ತಿದ್ದಳು.